ತಿಪ್ಪೇಶನ ತೂಕ

ನಾನು ಪ್ರಾಯದಲ್ಲಿ ಬುಟ್ಟಿಗೆಂದು ಎಸೆದ ಚೆಂಡೊಂದು ಇನ್ನೂ ಕೆಳಗೆ ಬಂದಿಲ್ಲ. ಹುಣ್ಣಿಮೆಯ ದಿನ ಚಂದ್ರನ ಎಡಮಗ್ಗುಲಿಗೆ ಕಣ್ಣು ಕಿರಿದು ಮಾಡಿ ನೋಡಿದರೆ ಸಾಸಿವೆ ಕಾಳಿನಷ್ಟು ಕಪ್ಪಗೆ ಏನೋ ಕಾಣುತ್ತದಲ್ಲ, ಅದೇ. ಕಾಣಲಿಲ್ಲವೆಂದರೆ ದೋಷ ನಿಮ್ಮ ಕಣ್ಣಿನದು, ನನ್ನ ತೋಳಿನದಲ್ಲ. ಇಂಥ ತೋಳಿಟ್ಟುಕೊಂಡು ನಾನು ಆಟ ಬಿಟ್ಟು ಮೈಕು ಹಿಡಿದದ್ದು ಊರಿನ ಮೇಲಿನ ಕರುಣೆಯಿಂದ. ಆಡುತ್ತಲೇ ಇದ್ದಿದ್ದರೆ ಊರಲ್ಲಿ ಒಂದು ಚೆಂಡೂ ಉಳಿಯುತ್ತಿರಲಿಲ್ಲ.

ನನ್ನ ಹೆಸರು ಓಬಳೇಶ. ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳಲ್ಲಿ ಮೈಕು ಹಿಡಿದು ಮಾತಾಡುವವನು ನಾನೇ. ಬೇರೆ ಊರುಗಳಲ್ಲಿ ಈ ಕೆಲಸವನ್ನು ಗಂಟಲಿರುವ ಯಾರು ಬೇಕಾದರೂ ಮಾಡಬಹುದು. ನಮ್ಮಲ್ಲಿ ಹಾಗಲ್ಲ. ಬೇರೆ ಕಡೆ ಮನುಷ್ಯರನ್ನು ಹೊಗಳಿ ಅಟ್ಟಕ್ಕೇರಿಸುತ್ತಾರಂತೆ; ನಮ್ಮೂರಲ್ಲಿ ಹೊಗಳಿಸಿಕೊಂಡವನು ಅಟ್ಟ ಹತ್ತಿದರೆ ಅಟ್ಟ ಮುರಿಯುತ್ತದೆ. ನೋಡಲು ಮೊದಲಿನ ಹಾಗೆಯೇ ಇರುತ್ತಾನೆ. ಹೊಟ್ಟೆ ಬರುವುದಿಲ್ಲ, ಕೆನ್ನೆ ಉಬ್ಬುವುದಿಲ್ಲ, ಆದರೆ ಕೂತ ಮಂಚ ಕಿರ್ ಅನ್ನುತ್ತದೆ. ಬರೀ ಬಾಯಿಮಾತಿನ ಹೊಗಳಿಕೆಯಾದರೆ ಮರುದಿನ ಬೆಳಗಾಗುವಷ್ಟರಲ್ಲಿ ಆ ಭಾರ ಇಳಿದುಹೋಗುತ್ತದೆ. ಮನಸ್ಸಿನಿಂದ ಬಂದ ಹೊಗಳಿಕೆ ಮಾತ್ರ ಮೈಯಲ್ಲೇ ಉಳಿದುಬಿಡುತ್ತದೆ.

ಇದಕ್ಕೆ ನಾವು ಹುಟ್ಟಿದಾಗಿನಿಂದ ಹೊಂದಿಕೊಂಡಿದ್ದೇವೆ. ತಿಪ್ಪ, ಗುಂಡ, ಕಲ್ಲ ಎಂದು ತಂದೆತಾಯಿಯೇ ಮುಂಜಾಗ್ರತೆಯಿಂದ ಹೆಸರಿಡುತ್ತಾರೆ. ಊಟ ಮಾಡಿ ಎದ್ದವರು 'ಸಾರಿಗೆ ಉಪ್ಪಿಲ್ಲ, ಮುದ್ದೆ ತುಂಬ ಗಂಟು' ಎಂದು ಬೈದು ಕೈ ತೊಳೆದರೆ ಅಡುಗೆ ಮಾಡಿದವಳ ಮುಖ ಅರಳುತ್ತದೆ. ಹೆಣ್ಣು ತೋರಿಸುವಾಗ ತಂದೆಯೇ 'ಇವಳಿಗೆ ಒಂದು ಕೆಲಸ ಬರಲ್ಲ, ಮೂಗು ಬೇರೆ ಮೊಂಡು' ಎಂದು ಶುರು ಮಾಡುತ್ತಾನೆ. ಗಂಡಿನ ಕಡೆಯವರು 'ನಮ್ಮವನು ಇದಕ್ಕಿಂತ ಅಧ್ವಾನ' ಎಂದು ಸಮಾಧಾನ ಹೇಳುತ್ತಾರೆ. ಸತ್ತವರ ಗುಣಗಾನ ಏನಿದ್ದರೂ ಮಣ್ಣಾದ ಮೇಲೆಯೇ; ಚಟ್ಟ ಹೊತ್ತವರ ಹೆಗಲನ್ನೂ ನೋಡಬೇಕಲ್ಲ. ಕಳ್ಳ ಓಡಿದರೆ 'ಹಿಡೀರಿ' ಎಂದು ಯಾರೂ ಗಂಟಲು ಒಣಗಿಸಿಕೊಳ್ಳುವುದಿಲ್ಲ. 'ಎಂಥಾ ಕಾಲು ಮಾರಾಯ, ಜಿಂಕೆ ಇದ್ದಂಗೆ ಅವ್ನೆ' ಎನ್ನುತ್ತೇವೆ. ಬೀದಿ ತಿರುಗುವಷ್ಟರಲ್ಲಿ ಏದುಸಿರು ಬಿಡುತ್ತ ಚರಂಡಿಯ ಕಟ್ಟೆಯ ಮೇಲೆ ಕೂತಿರುತ್ತಾನೆ. ತನ್ನನ್ನು ತಾನು ಹೊಗಳಿಕೊಂಡರೆ ಮಾತ್ರ ಕೂದಲೆಳೆಯಷ್ಟೂ ಭಾರವಾಗುವುದಿಲ್ಲ. ಇದನ್ನು ಊರಿಗೆ ರುಜುವಾತು ಮಾಡಿಕೊಟ್ಟವನು ನಾನೇ. ಹಾಗಲ್ಲದಿದ್ದರೆ ನಾನು ಈ ಹೊತ್ತಿಗೆ ಪಾತಾಳದಲ್ಲಿರಬೇಕಿತ್ತು.

ಹೀಗಿರುವಾಗ ನಮ್ಮ ಕೋರ್ಟಿನಲ್ಲಿ ಪಂದ್ಯ ಹೇಗೆ ನಡೆಯುತ್ತದೆಂದು ನೀವೇ ಊಹಿಸಬಹುದು. ಎದುರಾಳಿಗಳು ಬಸ್ಸಿಳಿದ ಕ್ಷಣದಿಂದ ನಮ್ಮ ಜನ ಅವರನ್ನು ಹೊಗಳಲು ಶುರು ಮಾಡುತ್ತಾರೆ. ಚಹ ಕೊಡುವವನು ಅವರ ಭುಜ ಹೊಗಳುತ್ತಾನೆ, ಟಿಕೆಟ್ ಹರಿಯುವವನು ಅವರ ಶೂ ಹೊಗಳುತ್ತಾನೆ, ಉಳಿದದ್ದನ್ನು ನಾನು ಮೈಕಿನಲ್ಲಿ ನೋಡಿಕೊಳ್ಳುತ್ತೇನೆ. ಒಮ್ಮೆ ತಾಳೆಮರದಂಥ ಆಟಗಾರನೊಬ್ಬನನ್ನು ನಾನು ಹೊಗಳಿದ ರೀತಿಗೆ ಅವನ ಕಾಲು ಮೊಳಕಾಲಿನವರೆಗೆ ಸಿಮೆಂಟಿನಲ್ಲಿ ಹೂತುಹೋಯಿತು, ಹಾರೆ ತಂದು ಕಿತ್ತು ಕಳಿಸಿದೆವು. ಸರಿ, ಮೊಳಕಾಲಲ್ಲ, ಪಾದ. ಪಾದವೂ ಅಲ್ಲ, ಶೂ ಸ್ವಲ್ಪ ಅಂಟಿಕೊಂಡಿತು. ನಮ್ಮ ಹುಡುಗರನ್ನು ಮಾತ್ರ ನಾವು ಹೊಟ್ಟೆ ತುಂಬ ಬೈಯುತ್ತೇವೆ.

ಅವರಲ್ಲಿ ಅತಿ ಹೆಚ್ಚು ಬೈಸಿಕೊಂಡವನು ತಿಪ್ಪೇಶ. ಬುಟ್ಟಿಗೆ ಹಾಕುವುದರಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ಇದನ್ನು ಬರೆಯುತ್ತಿದ್ದೇನೆ, ಹೇಳುತ್ತಿಲ್ಲ; ಬರೆದದ್ದಕ್ಕೆ ಭಾರವಿಲ್ಲ. ಅವನೆಸೆದ ಚೆಂಡು ರಿಂಗಿನ ಅಂಚನ್ನೂ ಮುಟ್ಟದೆ ಬಲೆಯೊಳಗೆ ಇಳಿಯುವಾಗ, ಬಟ್ಟೆಯಲ್ಲಿ ಹಾಲು ಸೋಸಿದಂಥ ಒಂದು ಸದ್ದು. ಆ ಸದ್ದಾದ ಕೂಡಲೇ ನಾನು ಮೈಕಿನಲ್ಲಿ 'ಹಾಳಾದವನು ಮತ್ತೆ ಹಾಕಿದ, ಇವನ ಕೈಗೆ ಗೆದ್ದಲು ಹಿಡಿಯ' ಎನ್ನುತ್ತಿದ್ದೆ. ಜನ 'ಥೂ' ಎಂದು ಕುಣಿಯುತ್ತಿದ್ದರು. ತಿಪ್ಪೇಶ ಗಾಳಿಪಟದ ಹಾಗೆ ಮೇಲೇಳುತ್ತಿದ್ದ. ಅವನ ಪ್ರತಿ ಜಿಗಿತದಲ್ಲೂ ನನ್ನ ಬೈಗುಳದ ಪಾಲಿದೆ ಎಂದು ನಾನು ಚಹದಂಗಡಿಯಲ್ಲಿ ಹೇಳದ ದಿನವಿಲ್ಲ. ಬೆಳಗಿನ ಅಭ್ಯಾಸದ ಹೊತ್ತಿಗೂ ಹೋಗಿ, ಕೋರ್ಟಿನ ಗೋಡೆಯ ಆಚೆ ನಿಂತು, ಹೊಸ ಬೈಗುಳ ಹೊಸೆಯುತ್ತಿದ್ದೆ. ಅಷ್ಟು ನಿಷ್ಠೆ ನನ್ನದು.

ಅಂಥ ತಿಪ್ಪೇಶ ಈ ಸಲದ ಪಂದ್ಯಾವಳಿ ಮುಗಿಯುವ ಹೊತ್ತಿಗೆ ಭಾರವಾಗಿದ್ದ. ಮೊದಲು ಅವನ ಮನೆಯ ಕುರ್ಚಿ ಹೋಯಿತು, ಆಮೇಲೆ ಮಂಚ. ಕೋರ್ಟಿನಲ್ಲಿ ಅವನು ನಿಂತಲ್ಲೆಲ್ಲ ಸಿಮೆಂಟಿನ ಮೇಲೆ ಜೇಡರ ಬಲೆಯಂಥ ಬಿರುಕು. ಜಿಗಿದರೆ ಅವನ ಪಾದಕ್ಕೂ ನೆಲಕ್ಕೂ ನಡುವೆ ಒಂದು ಹಪ್ಪಳ ತೂರಿಸಬಹುದಿತ್ತು, ಅಷ್ಟೇ. ಅದೇ ಸಮಯಕ್ಕೆ ತಂಡದೊಡನೆ ಅವನ ಕರಾರು ಮುಗಿಯಿತು. ಪಕ್ಕದೂರಿನ ತಂಡದವರು 'ನಮ್ಮಲ್ಲಿಗೆ ಬಾ, ನಮ್ಮೂರಲ್ಲಿ ಮಾತಿಗೆ ತೂಕವಿಲ್ಲ, ಇನ್ನಷ್ಟು ಭಾರವಾಗುವುದಾದರೂ ತಪ್ಪುತ್ತದೆ' ಎಂದು ಕರೆ ಕಳಿಸಿದರು.

ಅವನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಸಮಿತಿ ಕೂತಿತು. ಸಮಿತಿ ಎಂದರೆ ಮೂವರು. ಅಧ್ಯಕ್ಷೆ ಕೆಂಚಮ್ಮ, ಹಿಟ್ಟಿನ ಗಿರಣಿಯ ಒಡತಿ, ನನಗೆ ಸೋದರತ್ತೆ. ಆಟ ಕಲಿಸುವ ಬೋರಣ್ಣ ಮೇಷ್ಟ್ರು. ಮತ್ತು ಸಮಿತಿಯ ಮೆದುಳಾದ ನಾನು.

"ಜಿಗಿಯಲ್ಲ, ಹಿಂದಕ್ಕೆ ಓಡಿ ಬರಲ್ಲ," ಎಂದರು ಬೋರಣ್ಣ ಮೇಷ್ಟ್ರು. "ಎದುರಿನೋರು ಹೋಗಿ ಬುಟ್ಟಿಗೆ ಹಾಕಿ ನೀರು ಕುಡಿದು ಬಂದ್ರೂ ಇವ್ನು ಇನ್ನೂ ಅರ್ಧ ಕೋರ್ಟಲ್ಲಿ ಇರ್ತಾನೆ. ಆದ್ರೆ ಚೆಂಡು ಕೈಗೆ ಸಿಕ್ತು ಅಂದ್ರೆ..." ಮೇಷ್ಟ್ರು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು. "ಬುಟ್ಟಿಗೇ ಹೋಗುತ್ತೆ. ಅದೊಂದು ಕೆಟ್ಟ ಚಾಳಿ ಅವನ್ದು."

"ಉಳಿದೋರು ಏನ್ ಮಾಡ್ತಾರೆ?" ಎಂದು ಅತ್ತೆ ಕೇಳಿದಳು.

"ಅವನ ಕೈಗೆ ಚೆಂಡು ಕೊಟ್ಟು, ಸೊಂಟದ ಮೇಲೆ ಕೈ ಇಟ್ಕೊಂಡು, ಬೆದರುಗೊಂಬೆ ಥರ ನಿಲ್ತಾರೆ. ಇವ್ನು ಹೋದ್ರೆ ಅವರಾದ್ರೂ ಓಡೋದು ಕಲೀತಾರೇನೋ. ಇವ್ನು ಹೋದ್ರೆ ಹಾಕೋರು ಯಾರು ಅನ್ನೋದೂ ಐತೆ. ನಂಗಂತೂ ರಾತ್ರಿಯೆಲ್ಲ ಎರಡೂ ಕಡೆ ಹೊರಳಿ ಸಾಕಾಯ್ತು."

ಆಗ ನಾನು ಎದ್ದು ನಿಂತೆ. ನನ್ನ ಭಾಷಣಕ್ಕೆ ಗಿರಣಿಯ ಗೋಡೆಗಳು ಬೆವರಿದವು. ತಿಪ್ಪೇಶನನ್ನು ಬಿಟ್ಟುಬಿಡಬೇಕು, ಇವತ್ತೇ ಬಿಡಬೇಕು, ಪಕ್ಕದೂರಿನ ನೆಲ ಕುಸಿಯಲಿ, ನಮ್ಮದು ಉಳಿಯಲಿ ಎಂದೆ. ಅತ್ತೆ ಕಡಲೆಕಾಯಿ ಬಿಡಿಸುತ್ತ ಕೇಳಿ, "ಆಯ್ತೇನ್ಲಾ?" ಎಂದಳು. ಆಯ್ತು ಎಂದೆ.

"ಸರಿ, ಕೂತ್ಕೋ. ಅವ್ನು ಸುಮ್ನೆ ಭಾರ ಆಗಿಲ್ಲ. ಯಾರೋ ಮನಸಿಟ್ಟು ಹೊಗಳ್ತಾವ್ರೆ. ಆ ಬಾಯಿ ಮುಚ್ಚಿದ್ರೆ ಇದ್ದಷ್ಟಕ್ಕೆ ನಿಲ್ತಾನೆ, ಇನ್ನೂ ಸ್ವಲ್ಪ ವರ್ಷ ಆಡಿಸ್ಬೋದು. ಮುಚ್ಚದಿದ್ರೆ ಬರೋ ವರ್ಷಕ್ಕೆ ಕೋರ್ಟಲ್ಲಿ ಕಲ್ಲುಕಂಬ ನೆಟ್ಟಂಗೆ. ಅದಕ್ಕೇ ಹೇಳ್ತೀನಿ, ಹೊಗಳೋ ಬಾಯಿ ಸಿಕ್ರೆ ಕರಾರು. ಸಿಗ್ಲಿಲ್ಲ ಅಂದ್ರೆ ಪಕ್ಕದೂರಿಗೆ ಕಳಿಸೋದು." ಅವಳು ಸಿಪ್ಪೆ ಜಾಡಿಸಿದಳು. "ಹುಡುಕೋದು ನೀನೇ. ಕಳೆದುಹೋದ ಕೋಳಿನ ಗಾಳಿ ಮೂಸಿ ಹುಡುಕ್ದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀಯಲ್ಲ."

ನಾನು ಹುಡುಕಿದ ಹಾಗೆ ಹಿಂದೆ ಯಾರೂ ಹುಡುಕಿಲ್ಲ. ಮುಂದೆಯೂ ಯಾರೂ ಹುಡುಕಬಾರದು. ಅಂಗಡಿಗಳ ಮುಂದೆ ಕಿವಿ ಒಡ್ಡಿದೆ, ಬಾವಿಕಟ್ಟೆಯ ಹಿಂದೆ ಅಡಗಿ ಕೂತೆ. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಅದು ಒಣಗುವವರೆಗೆ ಮಾತು ಕೇಳುತ್ತ ಮಲಗಿದೆ. ಊರಿನ ಅರ್ಧ ಜನರ ಮೇಲೆ ಅನುಮಾನ ಪಟ್ಟು, ಇನ್ನರ್ಧ ಜನರಿಂದ ಬೈಸಿಕೊಂಡೆ. ಕೊನೆಗೆ ತಿಪ್ಪೇಶನ ಮನೆಗೇ ಹೋದೆ.

ಅವನು ಅಂಗಳದಲ್ಲಿ ಒರಳುಕಲ್ಲಿನ ಮೇಲೆ ಕೂತಿದ್ದ. ಮನೆಯಲ್ಲಿ ಅವನನ್ನು ತಡೆಯುವ ಆಸನ ಅದೊಂದೇ ಉಳಿದಿತ್ತು. ನಾನು ಬಂದ ಕಾರಣ ಹೇಳುತ್ತಲೇ ಅವನ ಹೆಂಡತಿ ಗಾಳೆಮ್ಮ ಸೆರಗು ಬಿಗಿದಳು.

"ನನ್ನ ಮೇಲೆ ಅನುಮಾನನಾ? ತಾಳಿ ಕಟ್ಟಿಸ್ಕೊಂಡ ದಿನದಿಂದ ಇವರಿಗೆ ಒಂದು ಒಳ್ಳೆ ಮಾತು ಆಡಿದ್ರೆ ಕೇಳಿ. ಅಕ್ಕಪಕ್ಕದೋರೆಲ್ಲ ಸಾಕ್ಷಿ ಅವ್ರೆ."

"ನಿದ್ದೇಲೂ ಬೈತಾಳೆ ಕಣಣ್ಣ," ಎಂದ ತಿಪ್ಪೇಶ, ಹೆಮ್ಮೆಯಿಂದ.

ಗಾಳೆಮ್ಮ ಒಳಗೆ ಹೋದ ಮೇಲೆ ಅವನು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತ ಕೇಳಿದ. "ಓಬಳೇಶಣ್ಣ, ಪಕ್ಕದೂರಲ್ಲಿ ಬುಟ್ಟಿಗೆ ಹಾಕಿದ್ರೆ ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರಂತೆ. ಹೌದಾ?"

"ಚಪ್ಪಾಳೆ ಏನು, ಆನೆ ತಂದು ಮೆರವಣಿಗೆ ಮಾಡ್ತಾರೆ. ಹೋಗು, ಹೋಗು."

"ನಂಗೆ ಈ ಕೋರ್ಟೇ ಬೇಕು ಅಣ್ಣ. ಇಲ್ಲಿಯ ರಿಂಗು ಸ್ವಲ್ಪ ಬಲಕ್ಕೆ ಬಾಗೈತೆ, ಬೋರ್ಡಿಗೆ ಬೆಳಿಗ್ಗೆ ಬಿಸಿಲು ಬೀಳೋ ರೀತಿ ನಂಗೆ ಗೊತ್ತು. ಬೇರೆ ಕಡೆ ಹೋದ್ರೆ ನಾನು ಬರೀ ಒಬ್ಬ ಭಾರದ ಮನುಷ್ಯ." ಅವನು ತಲೆಯೆತ್ತಿದ. "ಆ ಬಾಯಿ ಸಿಕ್ತಾ ನಿಂಗೆ?"

ಇಲ್ಲ ಎಂದೆ. ಅಂಗಳದಲ್ಲಿ ಇರುವೆಗಳಿದ್ದಿರಬೇಕು, ಕಾಲಿಗೇನೋ ಕಚ್ಚಿದಂತಾಯಿತು. ಬೇಗ ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಅತ್ತೆ ಗಿರಣಿ ನಿಲ್ಲಿಸಿ ಎಲ್ಲರನ್ನೂ ಕರೆಸಿದಳು. ಕರೆಯುವಾಗ ನನ್ನ ಹುಡುಕಾಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಅದು ಸ್ವಲ್ಪ ಅವಮಾನವೇ. ಮೂಟೆ ತೂಗುವ ದೊಡ್ಡ ಕಾಟಾದ ಮೇಲೆ ತಿಪ್ಪೇಶನನ್ನು ನಿಲ್ಲಿಸಿದ್ದಳು. ಅದರ ಗಾಜಿನ ಮುಖದೊಳಗೆ ಮುಳ್ಳು ಒಂದು ಕಡೆ ವಾಲಿ ನಡುಗುತ್ತಿತ್ತು. "ಒಬ್ಬೊಬ್ರೇ ಬನ್ನಿ," ಎಂದಳು, "ಇವನ ಮುಖ ನೋಡಿ, ಇವನ ಆಟದ ಬಗ್ಗೆ ಮನಸಲ್ಲಿ ಇರೋದನ್ನ ಹೇಳಿ. ಯಾರ ಮಾತಿಗೆ ಮುಳ್ಳು ಏಳುತ್ತೋ ನೋಡೋಣ."

ಚಹದಂಗಡಿಯವನು ಬಂದು 'ನಿನ್ನ ಕೈ ಸೇದಿ ಹೋಗ' ಎಂದ. ಮುಳ್ಳು ಅಲ್ಲಾಡಲಿಲ್ಲ. ಕ್ಷೌರದವನು ಅವನ ಕಿವಿಯಿಂದ ಹಿಡಿದು ಹಿಮ್ಮಡಿಯವರೆಗೆ ಬೈದು ಬೆವರೊರೆಸಿಕೊಂಡ. ಮುಳ್ಳು ಅಲ್ಲೇ. ಬೋರಣ್ಣ ಮೇಷ್ಟ್ರು 'ನಿನಗೆ ಕಲಿಸಿದ್ದಕ್ಕೆ ನನ್ನ ಜನ್ಮ ಹಾಳು' ಎಂದು, ಸ್ವಲ್ಪ ತಡೆದು, 'ಪೂರ್ತಿ ಹಾಳು' ಎಂದರು. ಗಾಳೆಮ್ಮನ ಸರದಿ ಬಂದಾಗ ಮುಳ್ಳು ಕೆಳಕ್ಕೇ ಇಳಿದೀತೆಂದು ಎಲ್ಲರೂ ಕತ್ತು ಚಾಚಿದರು. ಅದು ಕದಲಲಿಲ್ಲ.

ಕೊನೆಯದಾಗಿ ನಾನು ಹೋದೆ. ನಾನು ಅವತ್ತು ಬೈದ ಬೈಗುಳಕ್ಕೆ ಗಿರಣಿಯ ಇಲಿಗಳು ಸಂಸಾರ ಸಮೇತ ಊರು ಬಿಟ್ಟವು, ಹೊರಗೆ ಕಟ್ಟಿದ್ದ ಎಮ್ಮೆಗೆ ಹಾಲು ಬತ್ತಿತು. ಮುಳ್ಳು ಕಲ್ಲಿನಂತೆ ನಿಂತಿತ್ತು. ನಾನು ಅತ್ತೆಯ ಕಡೆ ತಿರುಗಿ, ಎದೆಯುಬ್ಬಿಸಿ, "ನೋಡಿದ್ಯಾ ಅತ್ತೆ? ಹೊಗಳೋ ಬಾಯಿ ಈ ಊರಲ್ಲೇ ಇಲ್ಲ. ಇನ್ನೇನು, ಕಳಿಸಿಬಿಡು," ಎಂದೆ.

ಹೊರಗೆ ನಿಂತ ಜನ ಪಿಸುಗುಟ್ಟಲು ಶುರು ಮಾಡಿದರು. ನಿಂತು ನಿಂತು ಬೇಸತ್ತ ತಿಪ್ಪೇಶ ಪಕ್ಕದ ಕಂಬಕ್ಕೆ ತೂಗುಹಾಕಿದ್ದ ಹಿಟ್ಟು ಒರೆಸುವ ಬಟ್ಟೆಯನ್ನು ಎಳೆದು, ಸುಮ್ಮನೆ ಉಂಡೆ ಕಟ್ಟುತ್ತಿದ್ದ. ಗಿರಣಿಯ ಆ ತುದಿಯಲ್ಲಿ, ಯಂತ್ರದ ನೆತ್ತಿಯ ಮೇಲೆ, ಕಾಳು ಸುರಿಯುವ ತಗಡಿನ ಬಾಯಿ. ನಡುವೆ ಅಡ್ಡತೊಲೆ, ತೊಲೆಯ ಕೆಳಗೆ ಚಕ್ರಕ್ಕೆ ಸುತ್ತಿದ ಬೆಲ್ಟು, ಅದರ ಈಚೆಗೆ ಬೋರಣ್ಣ ಮೇಷ್ಟ್ರ ತಲೆ. ತಿಪ್ಪೇಶ ಒಮ್ಮೆ ಅತ್ತ ನೋಡಿದ. ಮೊಣಕೈ ಎತ್ತಿ, ಮಣಿಕಟ್ಟನ್ನು ಮಾತ್ರ ಮುಂದಕ್ಕೆ ಬಾಗಿಸಿದ. ಉಂಡೆ ಮೇಷ್ಟ್ರ ತಲೆಯ ಮೇಲೆ ಹಾಯ್ದು, ತೊಲೆಗೂ ಬೆಲ್ಟಿಗೂ ನಡುವಿನ ಸಂದಿಯಲ್ಲಿ ನುಸುಳಿ, ತಗಡಿನ ಅಂಚನ್ನೂ ಮುಟ್ಟದೆ ಒಳಗಿಳಿಯಿತು.

"ಆಹಾ," ಎಂದೆ.

ಕಾಟಾ ಕಿರ್ ಅಂದಿತು. ಮುಳ್ಳು ಮೇಲಕ್ಕೆ ನೆಗೆದು ಅಲ್ಲೇ ನಿಂತಿತು. ಎಲ್ಲರೂ ಮೊದಲು ಮುಳ್ಳು ನೋಡಿದರು, ಆಮೇಲೆ ನನ್ನನ್ನು.

"ಅದು ಆಕಳಿಕೆ," ಎಂದೆ.

"ಆಕಳಿಕೆ," ಎಂದಳು ಅತ್ತೆ.

"ನೊಣ ಬಾಯೊಳಗೆ ಹೋಯ್ತು ಅತ್ತೆ. ನೊಣ ಅಂದ್ರೆ ಸಣ್ಣ ನೊಣ ಅಲ್ಲ, ಗುಬ್ಬಿಯಷ್ಟಿತ್ತು. ಅದಕ್ಕೇ..."

"ಬೆಳಿಗ್ಗೆ ಬೆಳಿಗ್ಗೆ ಗೋಡೆ ಹಿಂದೆ ನಿಂತ್ಕೊಂಡಾಗಲೂ ನೊಣ ಹೋಗುತ್ತೇನ್ಲಾ?"

ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಒಂದೂ ಹೊಳೆಯಲಿಲ್ಲ. "ಚೆನ್ನಾಗಿ ಹಾಕ್ತಾನೆ ಅತ್ತೆ," ಎಂದೆ. "ಅಷ್ಟೇ. ತಡೆಯೋಕಾಗಲ್ಲ." ಮುಳ್ಳು ಇನ್ನಷ್ಟು ಮೇಲೆ ಸರಿಯಿತು.

ಬೈಗುಳ ಹೊಸೆಯಲು ಹೋಗುತ್ತಿದ್ದೆ ಎಂದು ನಿಮಗೂ ಹೇಳಿದೆನಲ್ಲ, ಅದು ಸುಳ್ಳು. ಅಲ್ಲಿ ನಿಂತು ಒಂದು ಬೈಗುಳವನ್ನೂ ಹೊಸೆದಿಲ್ಲ. ಹಾಲು ಸೋಸಿದಂಥ ಆ ಸದ್ದು ಕೇಳಲು ಹೋಗುತ್ತಿದ್ದೆ, ಕೇಳಿದಾಗಲೆಲ್ಲ ಆಹಾ ಎನ್ನುತ್ತಿದ್ದೆ. ಅವನನ್ನು ಕಳಿಸಿಬಿಡಿ ಎಂದು ಗೋಡೆ ಬೆವರುವ ಹಾಗೆ ಮಾತಾಡಿದ್ದೂ ಊರಿನ ನೆಲ ಉಳಿಸಲು ಅಲ್ಲ. ಅವನು ಹೋದರೆ ಹುಡುಕಾಟ ನಿಲ್ಲುತ್ತದೆ, ನನ್ನ ಮೈಕು ಉಳಿಯುತ್ತದೆ ಎಂದು. ಇದನ್ನೆಲ್ಲ ಅವತ್ತು ಅಷ್ಟು ಜನರ ಮುಂದೆ ಹೇಳಿದೆ, ತಿಪ್ಪೇಶನ ಕಡೆ ನೋಡದೆ.

"ಸರಿ, ಬಾಯಿ ಸಿಕ್ತು," ಎಂದಳು ಅತ್ತೆ. "ಇನ್ಮೇಲೆ ಇವ್ನು ಕೋರ್ಟಿನ ಹತ್ರ ಸುಳೀಬಾರ್ದು. ಮೈಕು ಬೇರೆಯೋರಿಗೆ. ತಿಪ್ಪೇಶ, ಇಳಿದು ಬಂದು ಕರಾರಿಗೆ ರುಜು ಹಾಕಪ್ಪ."

ತಿಪ್ಪೇಶ ಕಾಟಾದಿಂದ ಇಳಿಯಲಿಲ್ಲ. "ಅಣ್ಣ ಗೋಡೆ ಹಿಂದೆ ಬರಲ್ಲ ಅನ್ನೋದಾದ್ರೆ ನಾನು ಪಕ್ಕದೂರಿಗೆ ಹೋಗ್ತೀನಿ ಕೆಂಚಮ್ಮಾರೆ," ಎಂದ.

"ನಿಂಗೆ ಮೊದಲೇ ಗೊತ್ತಿತ್ತೇನೋ?" ಎಂದರು ಬೋರಣ್ಣ ಮೇಷ್ಟ್ರು.

"ಗೊತ್ತಿಲ್ದೆ ಏನು ಮೇಷ್ಟ್ರೆ. ಬೆಳಿಗ್ಗೆ ನಾನು ಯಾವಾಗ್ಲೂ ಗೋಡೆ ಕಡೆ ರಿಂಗಿಗೇ ಯಾಕೆ ಹಾಕ್ತಿದ್ದೆ ಅಂದ್ಕೊಂಡ್ರಿ? ಊರೆಲ್ಲ ಬೈತೀರ, ಅದು ಪ್ರೀತಿಗೆ ಅಂತ ಗೊತ್ತು. ಆದ್ರೆ ಒಬ್ರಾದ್ರೂ ಆಹಾ ಅನ್ಬೇಕಲ್ಲ. ಭಾರ ಆದ್ರೆ ಆಗ್ಲಿ. ಜಿಗಿಯೋಕಾಗದಿದ್ರೆ ನಿಂತಲ್ಲಿಂದ ಹಾಕ್ತೀನಿ."

ಅತ್ತೆ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗಲ್ಲ ಕೆರೆದುಕೊಂಡರು. "ರಿಂಗಿನ ಹತ್ರ ನೆಟ್ಟು ನಿಲ್ಸಿದ್ರೆ ಇವನನ್ನ ಯಾರೂ ತಳ್ಳೋಕಾಗಲ್ಲ," ಎಂದರು ನಿಧಾನವಾಗಿ. "ಚೆಂಡು ತಂದು ಕೊಡೋಕೆ ಉಳಿದೋರು ಓಡ್ಲೇಬೇಕಾಗುತ್ತೆ. ಹಿಂದಕ್ಕೆ ಬಂದು ತಡೆಯೋಕೂ ಅವರೇ ಓಡ್ಬೇಕು. ನಾಲ್ಕು ಜನ ಐದು ಜನದ ಕೆಲಸ ಮಾಡ್ಬೇಕು ಕೆಂಚಮ್ಮಾರೆ. ಸೋತ್ರೂ ಸೋಲ್ಬೋದು."

"ಸೋತ್ರೆ ಇವರಿಬ್ರನ್ನೂ ಒಟ್ಟಿಗೆ ಬೈಯೋಣ," ಎಂದಳು ಅತ್ತೆ. "ಒಂದು ವರ್ಷದ ಕರಾರು. ಲೇ ಓಬಳೇಶ, ಗೋಡೆ ಹಿಂದೆ ದಿನಕ್ಕೆ ಒಂದೇ ಆಹಾ. ಎರಡನೇದು ಬಾಯಿಂದ ಬಂತೋ, ಗಿರಣಿ ಕಲ್ಲಿಗೆ ಕಟ್ತೀನಿ. ಮೈಕು ಮಾತ್ರ ಗಾಳೆಮ್ಮಂಗೆ."

ಗಾಳೆಮ್ಮ ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿ, "ಕೆಟ್ಟ ಗಳಿಗೇಲಿ ಹುಟ್ಟಿದ್ದು," ಎಂದಳು. ಅವಳು ಮೈಕಿಗೆ ನನಗಿಂತ ಲಾಯಕ್ಕು ಎಂದು ಆ ಒಂದೇ ಮಾತಿನಲ್ಲಿ ಗೊತ್ತಾಯಿತು.

ರುಜು ಆದ ಮೇಲೆ ತಿಪ್ಪೇಶನನ್ನು ಕಾಟಾದಿಂದ ಇಳಿಸಬೇಕಾಯಿತು. ಅವನು ಕಾಲೆತ್ತಿದರೆ ಕಾಟಾವೇ ಮಗುಚುವಂತಿತ್ತು. ನಾನೊಬ್ಬನೇ, ಒಂದೇ ಕೈಯಲ್ಲಿ, ಹೂವಿನ ಹಾಗೆ ಎತ್ತಿ ಇಳಿಸಿದೆ. ಹಾಗೆಂದು ಚಹದಂಗಡಿಯಲ್ಲಿ ಹೇಳಿದ್ದೇನೆ. ನಿಜವಾಗಿ ಇಳಿಸಿದ್ದು ಬೋರಣ್ಣ ಮೇಷ್ಟ್ರು, ಕ್ಷೌರದವನು ಮತ್ತು ಮೂಟೆ ಹೊರುವವರು ಸೇರಿ. ನಾನು ಅವನ ಚಪ್ಪಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದೆ. ಅವನು ಬಂದು, ಚಪ್ಪಲಿ ತೆಗೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿದ. ಆ ಕೈಯ ಭಾರಕ್ಕೆ ಹೆಗಲು ಒಂದು ಕಡೆ ಜಗ್ಗಿತು.

"ಕಣ್ಣಿಗೆ ಹಿಟ್ಟಿನ ಧೂಳು ಬಿತ್ತು ಅತ್ತೆ," ಎಂದೆ, ಯಾರೂ ಕೇಳದಿದ್ದರೂ.

"ಗಿರಣಿ ಬೆಳಿಗ್ಗೆಯಿಂದ ನಿಂತೈತೆ ಕಣ್ಲಾ," ಎಂದಳು ಅತ್ತೆ.

ಹೌದು, ನಿಂತಿತ್ತು. ಧೂಳಿರಲಿಲ್ಲ. ಅಳುತ್ತಿದ್ದೆ.